ದೇವರ ಪೆಟ್ಟಿಗೆಯಲ್ಲಿಟ್ಟ ಕಾಗದ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ದೊಡ್ಡ ಬಾವ ಹಿರಿಯೂರಿನ ಮನೆಗೆ ಬಂದರು. ನನ್ನ ಗಂಡನ ಅಣ್ಣ, ಬೀರಲಿಂಗಪ್ಪ. ಎರಡು ವರ್ಷದಿಂದ ನಾನು ಅವರ ಜೊತೆ ನೆಟ್ಟಗೆ ಮಾತಾಡಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಸೆರಗು ಸರಿ ಮಾಡಿಕೊಂಡು ಬೇರೆ ಕಡೆ ನೋಡುತ್ತೇನೆ. ಬಂದವರೇ ಹೆಗಲ ಮೇಲಿನ ಕರಿ ಕಂಬಳಿ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ ಕೂತರು. ಫ್ಯಾನಿನ ಗಾಳಿಗೆ ಆ ಕಂಬಳಿಯ ವಾಸನೆ ಅಡುಗೆಮನೆಯವರೆಗೂ ಬಂತು. ಉಣ್ಣೆ, ಕರ್ಪೂರ, ಅದರ ಮೇಲೆ ಭಂಡಾರ, ಅಂದರೆ ನಮ್ಮ ಮನೆಯವರು ದೇವರಿಗೆ ಎರಚುವ ಅರಿಶಿನ. ಅದು ದೇವರ ಪೆಟ್ಟಿಗೆಯ ವಾಸನೆ. ಸೌಟು ಹಿಡಿದು ನಿಂತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು.

ಬೇರೆಯವರಿಗೆ ಆ ವಾಸನೆಯಿಂದ ಭಕ್ತಿ ಬರಬಹುದು. ನನಗೆ ನೆನಪಾಗುವುದು ನಮ್ಮ ಅತ್ತೆಯ ಬಲಗೈ. ಆಸ್ಪತ್ರೆಯ ಮಂಚದ ಕಂಬಿಗೆ ಬ್ಯಾಂಡೇಜ್ ಬಟ್ಟೆಯಲ್ಲಿ ಬಿಗಿದು ಕಟ್ಟಿದ್ದ ಕೈ.

ಅತ್ತೆಯ ಹೆಸರು ಕೆಂಚಮ್ಮ. ಯಲ್ಲದಕೆರೆ ಕಡೆಯ ಒಂದು ಸಣ್ಣ ಹಳ್ಳಿ ನಮ್ಮದು, ಕುರಿ ಸಾಕುವ ಮನೆತನ. ಚಿಕ್ಕ ವಯಸ್ಸಿನಲ್ಲಿ ಕುರಿ ಹಿಂದೆ ಅಲೆದವಳು, ನಡುವಯಸ್ಸಿನಲ್ಲಿ ಬಬ್ಬೂರು ಫಾರಂಗೆ ಕಳೆ ಕೀಳುವ ಕೂಲಿಗೆ ಹೋದವಳು. ಅಲ್ಲಿ ಪ್ರಯೋಗದ ತಾಕುಗಳಿಗೆಲ್ಲ ಚೀಟಿ ಕಟ್ಟಿರುತ್ತಾರೆ. ಅತ್ತೆಗೆ ಓದು ಬಾರದು, ಆದರೆ ಯಾವ ತಾಕಿಗೆ ಯಾವ ಬೀಜ, ಯಾವುದಕ್ಕೆ ಗೊಬ್ಬರ ಹಾಕಿಲ್ಲ ಅಂತ ಬಾಯಲ್ಲೇ ಹೇಳುತ್ತಿದ್ದಳು. ಹೊಸದಾಗಿ ಬಂದ ಅಧಿಕಾರಿಗಳು ಚೀಟಿ ತಪ್ಪಿಸಿ ಕಟ್ಟಿದರೆ ಅವರನ್ನೇ ತಿದ್ದುತ್ತಿದ್ದಳಂತೆ. ಹೊರಕೆರೆದೇವಪುರದಿಂದ ಸೊಸೆಯಾಗಿ ಬಂದ ನಾನು ಹೈಸ್ಕೂಲ್ ಶಿಕ್ಷಕಿ ಅಂತ ಗೊತ್ತಾದ ದಿನದಿಂದ ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. "ಮೇಷ್ಟ್ರಮ್ಮ" ಅನ್ನುತ್ತಿದ್ದಳು, ಅದೂ ಅರ್ಧ ಗೌರವ, ಅರ್ಧ ತಮಾಷೆ. ನಾವಿಬ್ಬರೂ ಜಗಳ ಆಡದ ವಾರವಿರಲಿಲ್ಲ. ಸಾರಿಗೆ ಹುಣಸೆಹಣ್ಣು ಹೆಚ್ಚಾದದ್ದರಿಂದ ಹಿಡಿದು ನನ್ನ ಸ್ಕೂಟರಿನವರೆಗೆ ಎಲ್ಲಕ್ಕೂ ಜಗಳವಾಗಿದೆ.

ಒಲೆ ಹೊಗೆಯನ್ನೂ ಉಣ್ಣೆಯ ದೂಳನ್ನೂ ಜೀವಮಾನವೆಲ್ಲ ಕುಡಿದ ಎದೆ ಅವಳದು. ಚಿತ್ರದುರ್ಗದ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು, ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗಿದೆ, ಔಷಧಿಯಿಂದ ತಡೆದು ನಿಲ್ಲಿಸಬಹುದು, ವಾಸಿ ಮಾಡಲಾಗದು ಅಂದರು. ಮುಂದೊಂದು ದಿನ ಉಸಿರು ಪೂರ್ತಿ ಕೈಕೊಟ್ಟರೆ ಯಂತ್ರಕ್ಕೆ ಹಾಕಬಹುದು, ಆದರೆ ಹಾಕಿದ ಮೇಲೆ ಅದರಿಂದ ಬಿಡಿಸುವುದು ಕಷ್ಟ ಅಂತಲೂ ಹೇಳಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಕೇಳಿದಳು.

"ಗಂಗಮ್ಮಂಗೆ ಹಾಕಿದ್ರಲ್ಲ, ಆ ಮಿಷನ್ನಾ?"

ಗಂಗಮ್ಮ ಅವಳ ಫಾರಂ ಗೆಳತಿ. ಕೊನೆಯ ತಿಂಗಳು ಬಾಯಲ್ಲಿ ಕೊಳವೆ ಇಟ್ಟುಕೊಂಡೇ ಕಳೆದವಳು. ಅತ್ತೆ ನೋಡಲು ಹೋದಾಗ ಗಂಗಮ್ಮನ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು, ಕೊಳವೆ ಕಿತ್ತುಕೊಳ್ಳುತ್ತಾಳೆ ಅಂತ. ಮನೆಗೆ ಬಂದ ಅತ್ತೆ ಎರಡು ದಿನ ಮುದ್ದೆ ಮುಟ್ಟಿರಲಿಲ್ಲ.

"ಕುರೀನೂ ಹಂಗೆ ಕಟ್ಟಲ್ಲ ಕಣೇ ನಾವು. ಉಣ್ಣೆ ಕತ್ತರಿಸಾಗ ಕಟ್ಟಿದ್ರೂ ಆಮ್ಯಾಕೆ ಬಿಡ್ತೀವಿ. ನಂಗೆ ಹಂಗೆ ಮಾಡ್ಬ್ಯಾಡ್ರಿ ಅಂತ ಎಲ್ಲಿ ಹೇಳ್ಬೇಕು, ಮೇಷ್ಟ್ರಮ್ಮ? ಯಾರಿಗೆ ಹೇಳ್ಬೇಕು?"

ನನಗೂ ಗೊತ್ತಿರಲಿಲ್ಲ. ಸಹೋದ್ಯೋಗಿಯೊಬ್ಬರ ತಮ್ಮ ವಕೀಲ, ಅವರನ್ನು ಕೇಳಿದೆ. ಇದಕ್ಕೊಂದು ದಾರಿ ಇದೆ ಅಂದರು. ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬೇಕು. ವಾಸಿಯಾಗದ ಸ್ಥಿತಿ ಬಂದು, ನನಗೆ ಮಾತಾಡಲಾಗದೆ ಹೋದರೆ, ಇಂಥಿಂಥ ಚಿಕಿತ್ಸೆ ಬೇಡ, ಇಂಥದ್ದು ಬೇಕು, ನನ್ನ ಪರವಾಗಿ ಇಂಥವರು ಮಾತಾಡಲಿ ಅಂತ. ಇಬ್ಬರು ಸಾಕ್ಷಿಗಳ ಮುಂದೆ ಸೈ ಹಾಕಿ, ನೋಟರಿಯ ಮುದ್ರೆ ಹಾಕಿಸಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಇದು ಯಾರನ್ನೂ ಸಾಯಿಸುವ ಕಾಗದವಲ್ಲ ಅಂತ ಅವರು ಎರಡು ಸಲ ಒತ್ತಿ ಹೇಳಿದರು. ಆ ಮಾತನ್ನು ನಾನು ಆಮೇಲೆ ಎಷ್ಟು ಜನರ ಮುಂದೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ, ಒಬ್ಬರ ಕಿವಿಗೂ ಬೀಳಲಿಲ್ಲ.

ನಮ್ಮ ಜಗುಲಿಯ ಮೇಲೆ ಕೂತು ಬರೆದೆವು. ಅತ್ತೆ ಹೇಳುವುದು, ನಾನು ಬರೆಯುವುದು. ನೋವಾದರೆ ಔಷಧಿ ಕೊಡಲಿ. ಉಸಿರಿಗೆ ತ್ರಾಸಾದರೆ ಅದಕ್ಕೂ ಕೊಡಲಿ. ಬಾಯಿ ಒಣಗಿದರೆ ನೀರಲ್ಲಿ ಬಟ್ಟೆ ಅದ್ದಿ ಒರೆಸಲಿ. ವಾಸಿಯಾಗದು ಅಂತ ಡಾಕ್ಟರಿಗೇ ಗೊತ್ತಾದ ಮೇಲೆ ಗಂಟಲಿಗೆ ಕೊಳವೆ ಬೇಡ. ಕೈ ಕಟ್ಟಬಾರದು. ನೋಟರಿ ಈ ಕೊನೆಯ ಸಾಲು ತೆಗೆಯೋಣ, ಇಂಥದ್ದನ್ನು ಯಾರೂ ಬರೆಸುವುದಿಲ್ಲ ಅಂದರು. "ಹಂಗಾದ್ರೆ ಬಾಕಿದ್ದೂ ಬ್ಯಾಡ ಬಿಡ್ರಿ" ಅಂತ ಅತ್ತೆ ಎದ್ದೇಬಿಟ್ಟಳು. ಸಾಲು ಉಳಿಯಿತು.

ಪರವಾಗಿ ಮಾತಾಡುವವರು ಯಾರು ಅಂದಾಗ ನಾನು ದೊಡ್ಡ ಬಾವನ ಹೆಸರು ಹೇಳಿದೆ. ಹಿರೀ ಮಗ, ರೂಢಿ ಹಾಗೆ ತಾನೆ. ಅತ್ತೆ ಬೇಡವೆಂದು ತಲೆಯಾಡಿಸಿದಳು.

"ನನ್ನ ಮಕ್ಳು ಒಳ್ಳೇರೇ ಕಣೇ. ಆದ್ರೆ ಊರು ಏನಂತೈತೋ ಅನ್ನೋದು ಅವಕ್ಕೆ ಜಾಸ್ತಿ. ನಿನ್ನ ಹೆಸರು ಬರಿ."

"ನಾನ್ಯಾಕೆ ಅತ್ತೆ?"

"ನೀನು ಜಗಳಗಂಟಿ. ಅದಕ್ಕೇ."

ಹೆಬ್ಬೆಟ್ಟು ಒತ್ತುವುದಿಲ್ಲ ಅಂತ ಹಟ ಬೇರೆ. ಹಿಂದೆ ಯಾವುದೋ ಕಾಲದಲ್ಲಿ ಸಾಕ್ಷರತಾ ತರಗತಿಯಲ್ಲಿ ಕಲಿತು ಮರೆತಿದ್ದ ಸೈಯನ್ನು ನನ್ನಿಂದ ಮತ್ತೆ ಕಲಿತಳು. ಹತ್ತು ದಿನ ನನ್ನ ಮಕ್ಕಳ ಹಳೇ ಸ್ಲೇಟಿನ ಮೇಲೆ "ಕೆಂಚಮ್ಮ" ತಿದ್ದಿದಳು. ಚ ಅಕ್ಷರಕ್ಕೆ ಕೈ ತಿರುಗುತ್ತಿರಲಿಲ್ಲ, ಮ ಯಾವಾಗಲೂ ಸಾಲು ಬಿಟ್ಟು ಮೇಲೇರುತ್ತಿತ್ತು. ಯಾಕಿಷ್ಟು ಕಷ್ಟ ಅಂದರೆ, "ಹೆಬ್ಬೆಟ್ಟಾದ್ರೆ ಸತ್ತ ಮ್ಯಾಲೂ ಒತ್ತಿಸ್ಕಂತಾರೆ. ಸೈ ಆದ್ರೆ ನಾನೇ ಹಾಕ್ಬೇಕು" ಅಂದಳು. ನೋಟರಿಯ ಮುಂದೆ ಪತ್ರದ ಮೇಲೊಂದು, ಅವರ ದೊಡ್ಡ ರಿಜಿಸ್ಟರಿನಲ್ಲೊಂದು, ಎರಡು ಸೈ ಹಾಕಿದಳು. ನಿವೃತ್ತ ಹೆಡ್‌ಮಾಸ್ಟರೊಬ್ಬರು, ಮೆಡಿಕಲ್ ಶಾಪಿನ ಯಜಮಾನರೊಬ್ಬರು ಸಾಕ್ಷಿಯಾದರು. ಹೊರಗೆ ಬಂದು ಕಬ್ಬಿನ ಹಾಲು ಕುಡಿದೆವು.

ಒಂದು ಪ್ರತಿಯನ್ನು ಪಂಚಾಯ್ತಿಯಲ್ಲಿ ಕೊಟ್ಟಿಡಿ ಅಂತ ವಕೀಲರು ಹೇಳಿದ್ದರು. ಯಾವ ಊರಿನ ಕಚೇರಿ ಅಂತ ಹೇಳಲಾರೆ, ಹೇಳಿಯೂ ಉಪಯೋಗವಿಲ್ಲ. ಅಲ್ಲಿನವರು ಹಾಳೆ ತಿರುಗಿಸಿ ಮುರುಗಿಸಿ ನೋಡಿ, "ಇದು ಉಯಿಲಾ ಮೇಡಂ? ಆಸ್ತಿ ಎಲ್ಲೂ ಬರ್ದೇ ಇಲ್ಲ?" ಅಂದರು. ಚಿಕಿತ್ಸೆಯ ವಿಷಯ ಅಂದೆ. ಹಾಗಾದರೆ ಆಸ್ಪತ್ರೆಗೆ ಕೊಡಿ ಅಂದರು. ಆಸ್ಪತ್ರೆಯೊಂದರ ಕೌಂಟರಿನಲ್ಲಿ, ಪೇಷೆಂಟ್ ಅಡ್ಮಿಟ್ ಆಗದೆ ಏನೂ ತೆಗೆದುಕೊಳ್ಳುವುದಿಲ್ಲ, ಪಂಚಾಯ್ತಿಗೆ ಕೊಡಿ ಅಂದರು. ನಾನು ಸಿಟ್ಟಿನಿಂದ ಮನೆಗೆ ಬಂದು ಒಂದು ಜೆರಾಕ್ಸ್ ಬ್ಯಾಗಿಗೆ ಹಾಕಿಕೊಂಡು ಸುಮ್ಮನಾದೆ. ಮೂರನೇ ಕಡೆ, ನಾಲ್ಕನೇ ಕಡೆ ಹೋಗಿ ಮೇಜು ಕುಟ್ಟಿ ಕೊಟ್ಟುಬರಬೇಕಿತ್ತು. ಹೋಗಲಿಲ್ಲ. ಇದು ನನ್ನ ತಪ್ಪು, ಇದಕ್ಕೆ ಬೇರೆಯವರನ್ನು ದೂರುವಂತಿಲ್ಲ.

ಮೂಲಪತ್ರ ಎಲ್ಲಿಡುವುದು? ಅದಕ್ಕೆ ಅತ್ತೆಯದೇ ಉಪಾಯ.

ನಮ್ಮ ಹಳ್ಳಿಮನೆಯಲ್ಲಿ ಮನೆದೇವರು ಬೀರಪ್ಪನ ಪೆಟ್ಟಿಗೆ ಇದೆ. ಮರದ್ದು, ಹಿತ್ತಾಳೆ ಕಟ್ಟು ಹಾಕಿದ್ದು. ಒಳಗೆ ದೇವರ ಮುಖವಾಡ, ಮುತ್ತಜ್ಜನ ಕಾಲದ ಕಂಬಳಿ, ಭಂಡಾರದ ಚೀಲ. ಅದನ್ನು ತೆಗೆಯುವ ಅಧಿಕಾರ ಮನೆಯ ಹಿರಿಯನಿಗೆ ಮಾತ್ರ, ತೆಗೆಯುವುದು ಯುಗಾದಿಗೆ, ದೀಪಾವಳಿಗೆ, ಸೂತಕ ಕಳೆದ ಶುದ್ಧಿಯ ದಿನಕ್ಕೆ ಮಾತ್ರ. ಮನೆತನದಲ್ಲಿ ಹುಟ್ಟಾಗಲಿ ಸಾವಾಗಲಿ ಆದರೆ ಸೂತಕ ಕಳೆಯುವವರೆಗೆ ಅದರ ಹತ್ತಿರ ಯಾರೂ ಸುಳಿಯುವುದಿಲ್ಲ. "ಬೀರುವಿನಾಗೆ ಇಟ್ರೆ ಯಾರಾರ ಹರಿದು ಹಾಕ್ತಾರೆ. ದೇವರ ಪೆಟ್ಟಿಗೇಲಿ ಇಟ್ಟದ್ದನ್ನ ಹರಿಯೋ ಗಂಡಸು ನಮ್ಮ ಮನೇಲಿ ಹುಟ್ಟಿಲ್ಲ" ಅಂದಳು ಅತ್ತೆ. ಆ ಯುಗಾದಿಗೆ ಬಾವ ಪೆಟ್ಟಿಗೆ ತೆಗೆದಾಗ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಶಾಲೆಯಿಂದ ತಂದ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ ನಾನೇ ಕೊಟ್ಟೆ. ಅತ್ತೆ ಹೇಳಿದಂತೆ ಬಾವ ಅದನ್ನು ತಳದಲ್ಲಿ, ಹಳೇ ಕಂಬಳಿಯ ಮಡಿಕೆಯೊಳಗೆ ಇಟ್ಟರು. ಏನೆಂದು ಕೇಳಿದರು. ಅತ್ತೆ ಹೇಳಿದಳು. ಬಾವನ ಮುಖ ಸಣ್ಣದಾಯಿತು. ನನಗೋ ಒಳಗೊಳಗೇ ಹೆಮ್ಮೆ. ನಾನು ಬರೆದ ಕಾಗದ ದೇವರ ಪಕ್ಕ ಕೂತಿತಲ್ಲ ಅಂತ! ಓದಿದವಳು ಅನ್ನಿಸಿಕೊಂಡ ನನಗೆ, ಬೇಕಾದಾಗ ತೆಗೆಯಲಾಗದ ಕಡೆ ಇಟ್ಟ ಕಾಗದ ಯಾತಕ್ಕೆ ಬಂತು ಅನ್ನುವಷ್ಟು ಬುದ್ಧಿಯೂ ಓಡಲಿಲ್ಲ.

ಆ ವರ್ಷ ಮಳೆ ಚೆನ್ನಾಗಿತ್ತು. ಹಸ್ತ ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರು ಎಷ್ಟು ಅಡಿ ಏರಿತು ಅನ್ನುವುದೇ ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ಮಾತು. ಈರುಳ್ಳಿ ಹೊಲದಲ್ಲೇ ನೀರು ಕುಡಿದು ನಿಂತಿತ್ತು, ಕುರಿಗಳಿಗೆ ಕಾಲು ಕೊಳೆಯುವ ರೋಗ. ಅಂಥ ದಿನಗಳಲ್ಲಿ ಬಾವನ ಸೊಸೆ, ಸಿದ್ದೇಶನ ಹೆಂಡತಿ, ಗಂಡು ಹೆತ್ತಳು. ಅತ್ತೆಗೆ ಮರಿಮೊಮ್ಮಗ. ಮನೆಯಲ್ಲಿ ಪುರುಡು, ಅಂದರೆ ಹೆರಿಗೆಯ ಸೂತಕ, ಹನ್ನೊಂದು ದಿನ. ಮಾರನೇ ದಿನವೇ ಅತ್ತೆಯ ಉಸಿರು ಕೈಕೊಟ್ಟಿತು.

ನಾನು ಆಗ ಹೊಸದುರ್ಗದಲ್ಲಿದ್ದೆ, ಶಾಲೆಯ ಹುಡುಗಿಯರನ್ನು ಕ್ರೀಡಾಕೂಟಕ್ಕೆ ಕರೆದುಕೊಂಡು ಹೋಗಿದ್ದೆ. ಗಂಡ ತಿಪ್ಪೇಶ ಫೋನ್ ಮಾಡಿ, ಅವ್ವನನ್ನು ಚಿತ್ರದುರ್ಗಕ್ಕೆ ಸಾಗಿಸುತ್ತಿದ್ದೇವೆ ಅಂದರು. "ಕಾಗದ ಐತೆ ಅಂತ ಡಾಕ್ಟ್ರಿಗೆ ಹೇಳ್ರಿ" ಅಂದೆ. "ನೀನು ಬಾ ಮೊದ್ಲು" ಅಂದರು. ಮಳೆಯಲ್ಲಿ ಹೊಳಲ್ಕೆರೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ದುರ್ಗದ ಆಸ್ಪತ್ರೆ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅತ್ತೆಯ ಬಾಯಲ್ಲಿ ಕೊಳವೆ ಇತ್ತು.

ಬಾವ ಹೊರಗಿನ ಬೆಂಚಿನ ಮೇಲಿದ್ದರು. "ಡಾಕ್ಟ್ರು ಕೇಳಿದ್ರು, ಸೈ ಹಾಕ್ದೆ. ಇನ್ನೇನ್ ಮಾಡ್ಲಿ? ಉಸಿರು ಸಿಗದೆ ಒದ್ದಾಡ್ತಿದ್ಲು. ನಿಂತು ನೋಡಾಕಾಗ್ತೈತಾ?"

ಆ ಗಳಿಗೆಯಲ್ಲಿ ಹಾಕಿದ ಸೈಗೆ ನಾನು ಅವರನ್ನು ಯಾವತ್ತೂ ದೂರಿಲ್ಲ. ಅಲ್ಲಿದ್ದರೆ ನಾನೂ ಹಾಕುತ್ತಿದ್ದೆನೇನೋ. ನನ್ನ ಸಿಟ್ಟು ಆಮೇಲಿನ ದಿನಗಳದ್ದು.

ಎರಡನೇ ದಿನ ಡಾಕ್ಟರ್ ನಮ್ಮನ್ನೆಲ್ಲ ಕರೆದರು. ಹೊಸದುರ್ಗದ ಕಡೆಯವರೇ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಶ್ವಾಸಕೋಶದಲ್ಲಿ ಏನೂ ಉಳಿದಿಲ್ಲ, ಯಂತ್ರ ತೆಗೆದರೆ ಉಸಿರಾಟ ನಿಲ್ಲುತ್ತದೆ, ಇಟ್ಟರೆ ಹೀಗೇ ಇರುತ್ತಾರೆ, ವಾಪಸ್ ಬರುವ ದಾರಿ ನನಗೆ ಕಾಣುತ್ತಿಲ್ಲ ಅಂದರು. ನಾನು ಬ್ಯಾಗಿನಿಂದ ಜೆರಾಕ್ಸ್ ತೆಗೆದುಕೊಟ್ಟೆ. ಅವರು ನಿಂತಲ್ಲೇ ಪೂರ್ತಿ ಓದಿದರು. ಅಷ್ಟರಲ್ಲಿ ಬಾವನ ಮಗ ಸಿದ್ದೇಶ ಅಡ್ಡ ಬಾಯಿ ಹಾಕಿದ.

"ಮೇಡಂ, ಅಜ್ಜಿಗೆ ಸೈ ಹಾಕಾಕೆ ಎಲ್ಲಿ ಬರ್ತೈತೆ? ರೇಷನ್ ಅಂಗಡೀಲೂ ಹೆಬ್ಬೆಟ್ಟೇ. ಇದೆಲ್ಲ ಚಿಕ್ಕಮ್ಮನೇ ಬರ್ಕಂಡಿರೋದು."

ಬಾವ ತಲೆ ತಗ್ಗಿಸಿ, "ಹೌದು ಮೇಡಂ, ಅವ್ವ ಹೆಬ್ಬೆಟ್ಟೇ ಒತ್ತೋದು" ಅಂದರು.

ನಾನು ಗಂಡನ ಮುಖ ನೋಡಿದೆ. ಸ್ಲೇಟಿನ ಮೇಲೆ ಅವರವ್ವ ತಿದ್ದುವುದನ್ನು ಹತ್ತು ದಿನ ಕಣ್ಣಾರೆ ಕಂಡ ಮನುಷ್ಯ. ಅಣ್ಣನ ಮುಂದೆ ಬಾಯಿಗೆ ಬೀಗ. ಕಿಟಕಿಯಾಚೆ ಮಳೆ ನೋಡುತ್ತಾ ನಿಂತರು. ಈ ಮನುಷ್ಯನ ಜೊತೆ ನಾನು ಇವತ್ತಿಗೂ ಸಂಸಾರ ಮಾಡುತ್ತಿದ್ದೇನೆ, ಆದರೆ ಆ ಕಿಟಕಿಯನ್ನು ಮರೆತಿಲ್ಲ.

"ಮೇಡಂ, ಈ ಪತ್ರ ಸರಿಯಾಗೇ ಇದೆ" ಅಂದರು ಡಾಕ್ಟರ್ ನನಗೆ. "ಆದ್ರೆ ಮನೆಯವರೇ ಸೈ ಸುಳ್ಳು ಅಂತಿದ್ದಾರೆ. ಮೂಲಪತ್ರ ನೋಡದೆ ನಾನು ಮುಂದಕ್ಕೆ ಹೋಗೋ ಹಾಗಿಲ್ಲ. ತನ್ನಿ. ತಂದ್ರೆ ನಮ್ಮ ಡಾಕ್ಟರುಗಳದ್ದೊಂದು ಮಂಡಳಿ ಕೂರುತ್ತೆ, ಆಮೇಲೆ ಹೊರಗಿನ ಡಾಕ್ಟರೂ ಇರೋ ಇನ್ನೊಂದು. ಎರಡೂ ಒಪ್ಪಿದ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಯಂತ್ರ ತೆಗೀತೀವಿ. ಅಲ್ಲಿವರೆಗೂ ನಾನು ತೆಗೆಯಲ್ಲ."

ಹೊರಗೆ ಬಂದು ಬಾವನನ್ನು ಹಿಡಿದೆ. ಪೆಟ್ಟಿಗೆ ತೆಗೆದು ಕಾಗದ ಕೊಡಿ ಅಂದೆ. ಅವರು ನನ್ನ ಕಡೆ ನೋಡಲಿಲ್ಲ.

"ಪುರುಡು ಐತೆ ಕಣಮ್ಮ. ಸೂತಕದಾಗೆ ಪೆಟ್ಟಿಗೆ ಮುಟ್ಟಾಕಾಗ್ತೈತಾ? ಹನ್ನೊಂದು ದಿನ ಕಳೀಲಿ, ತಗಂಡು ಬರಾಣ. ಅಷ್ಟರಾಗೆ ಅವ್ವಂಗೆ ವಾಸಿನೂ ಆಗ್ಬಹುದು."

ನಾನು ಕೈ ಮುಗಿದೆ. ಬೀಗದ ಕೈ ಕೊಡಿ, ಪಾಪ ನನಗೆ ಬರಲಿ, ನಾನೇ ತೆಗೆಯುತ್ತೇನೆ ಅಂದೆ. ಸಿದ್ದೇಶ ಎಲ್ಲರಿಗೂ ಕೇಳುವಂತೆ, "ಅಜ್ಜೀನ ಕಳ್ಸಾಕೆ ಎಷ್ಟು ಆತುರ ನೋಡ್ರಿ" ಅಂದ. ಬೆಂಚಿನ ಮೇಲೆ ಕೂತಿದ್ದ ಬೇರೆ ರೋಗಿಗಳ ಕಡೆಯವರೂ ತಿರುಗಿ ನೋಡಿದರು. ಜಗಳಗಂಟಿ ಅಂತ ನನ್ನ ಹೆಸರು ಬರೆಸಿದ್ದಳಲ್ಲ ಅತ್ತೆ, ಆ ಜಗಳಗಂಟಿ ಅವತ್ತು ಅಷ್ಟು ಜನರ ಕಣ್ಣಿಗೆ ಹೆದರಿ ಬಾಯಿ ಮುಚ್ಚಿಕೊಂಡಳು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ಬಾವ ಹಳ್ಳಿಗೆ ಹೋಗಿ ಮಧ್ಯಾಹ್ನ ವಾಪಸ್ ಬಂದರು. ಆಸ್ಪತ್ರೆಯವರು ಸರ್ಕಾರಿ ಯೋಜನೆಗೆ ಅಸಲು ರೇಷನ್ ಕಾರ್ಡು ಬೇಕೆಂದಿದ್ದರು, ಅದನ್ನು ತಂದು ಕೌಂಟರಿಗೆ ಕೊಟ್ಟರು. ನಾನು ನೋಡುತ್ತಲೇ ಇದ್ದೆ. ಅದರ ಬಗ್ಗೆ ಆಗ ಏನೂ ಯೋಚಿಸಲಿಲ್ಲ.

ಅವತ್ತೇ ಸಂಜೆಗೆ ಅತ್ತೆಯ ಕೈ ಕಟ್ಟಿದರು. ನಿದ್ದೆ ಔಷಧಿ ಕಡಿಮೆಯಾದಾಗಲೆಲ್ಲ ಬಲಗೈ ತಾನಾಗಿ ಬಾಯಿಯ ಕಡೆಗೆ ಹೋಗುತ್ತಿತ್ತಂತೆ. ಅರಿವಿನಿಂದ ಅಲ್ಲ, ಸುಮ್ಮನೆ ಹಾಗೆ ಹೋಗುತ್ತದೆ ಅಂದರು ನರ್ಸಮ್ಮ. ನನಗೆ ನಂಬಿಕೆ ಬರಲಿಲ್ಲ. ಚ ಬರೆಯಲು ಹತ್ತು ದಿನ ಹೆಣಗಿದ ಕೈ ಅದು. ಜೆರಾಕ್ಸ್ ತೆಗೆದು "ಕೈ ಕಟ್ಟಬಾರದು" ಅನ್ನುವ ಸಾಲು ತೋರಿಸಿದೆ. ನರ್ಸಮ್ಮ ಓದಿ, ಕಣ್ಣು ತುಂಬಿಕೊಂಡು, "ನನ್ನ ಕೈಲಿಲ್ಲ ಅಕ್ಕ" ಅಂದರು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ನನ್ನನ್ನು ಒಳಗೆ ಬಿಡುತ್ತಿದ್ದರು. ಆ ಹತ್ತು ನಿಮಿಷ ಕಟ್ಟು ಬಿಚ್ಚಿ ಕೈ ಹಿಡಿದು ಕೂರುತ್ತಿದ್ದೆ. ಹೊರಡುವಾಗ ಮತ್ತೆ ಕಟ್ಟುತ್ತಿದ್ದರು. ಒಂದು ಸಲ ನರ್ಸಮ್ಮನಿಗೆ ಬೇರೆ ಕೆಲಸವಿತ್ತು. ಅವತ್ತು ನಾನೇ ಕಟ್ಟಿದೆ.

ಹಿರಿಯೂರಿನಿಂದ ದುರ್ಗಕ್ಕೆ, ದುರ್ಗದಿಂದ ಹಿರಿಯೂರಿಗೆ ಬಸ್ಸಿನಲ್ಲಿ ಓಡಾಡಿದೆ. ರಜೆ ಮುಗಿದಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಶಾಲೆಗೆ ಹೋಗಿ ಹಾಜರಿ ತೆಗೆಯುತ್ತಿದ್ದೆ. ಹುಡುಗಿಯೊಬ್ಬಳು ರಜಾಚೀಟಿ ಕೊಟ್ಟಳು. ತಂದೆಯ ಸೈ ಯಾಕೋ ಅನುಮಾನ ಬಂತು. ಅಂಥ ಅನುಮಾನ ಬಂದಾಗ ನಾವು ದಾಖಲಾತಿ ರಿಜಿಸ್ಟರಿನಲ್ಲಿರುವ ಸೈ ಜೊತೆ ಇಟ್ಟು ನೋಡುತ್ತೇವೆ. ರಿಜಿಸ್ಟರ್ ತರಿಸಿದೆ. ಅದರ ಪುಟ ತಿರುಗಿಸುವಾಗ ಹೊಳೆಯಿತು. ನೋಟರಿಯ ರಿಜಿಸ್ಟರಿನಲ್ಲೂ ಅತ್ತೆಯ ಸೈ ಇದೆ. ಪೆಟ್ಟಿಗೆಯ ಹಂಗೇ ಬೇಕಿಲ್ಲ. ಇಬ್ಬರು ಸಾಕ್ಷಿಗಳು ನಮ್ಮೂರಲ್ಲೇ ಬದುಕಿದ್ದಾರೆ. ಏಳು ದಿನ ಬೀಗದ ಕೈ ಕೇಳಿಕೊಂಡು ಅಳುತ್ತಾ ಕೂತಿದ್ದ ನನ್ನ ದಡ್ಡತನಕ್ಕೆ ನಾನೇ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಆ ಹುಡುಗಿ ನನ್ನ ಮುಖ ನೋಡಿ ಹೆದರಿ, ಸೈ ತಾನೇ ಹಾಕಿದ್ದು ಅಂತ ಒಪ್ಪಿಕೊಂಡಳು. ಹೋಗು ಅಂದೆ.

ಅವತ್ತು ನಾನು ಜಗಳ ಆಡಿದೆ. ನೋಟರಿಯನ್ನು ರಿಜಿಸ್ಟರ್ ಸಮೇತ ಎಬ್ಬಿಸಿಕೊಂಡು, ಹೆಡ್‌ಮಾಸ್ಟರನ್ನೂ ಮೆಡಿಕಲ್ ಶಾಪಿನವರನ್ನೂ ಕಾರಿನಲ್ಲಿ ಕೂರಿಸಿಕೊಂಡು ದುರ್ಗಕ್ಕೆ ಹೋದೆ. ಬಾವನ ಎದುರಿಗೇ ರಿಜಿಸ್ಟರ್ ಬಿಚ್ಚಿಸಿದೆ. ಸಾಲು ಬಿಟ್ಟು ಮೇಲೇರಿದ ಮ. ಅದನ್ನು ನೋಡಿ ನನ್ನ ಗಂಡ ಅಲ್ಲೇ ಗೋಡೆಗೆ ಒರಗಿ ಅತ್ತರು. "ಅವ್ವಂದೇ ಸೈ ಮೇಡಂ. ನಾನೇ ನೋಡೀನಿ ತಿದ್ದೋದನ್ನ" ಅಂದರು. ಏಳು ದಿನ ತಡವಾಗಿ. ಬಾವ ಬೇಡ ಅನ್ನಲಿಲ್ಲ.

ಎರಡೂ ಮಂಡಳಿ ಕೂತವು. ಹನ್ನೊಂದನೇ ದಿನ ಬೆಳಿಗ್ಗೆ, ಉಸಿರಾಟದ ತ್ರಾಸ ತಿಳಿಯದಂತೆ ಔಷಧಿ ಕೊಟ್ಟು ಕೊಳವೆ ತೆಗೆದರು. ಕೈಯ ಕಟ್ಟು ನಾನು ಬಿಚ್ಚಿದೆ. ಮಣಿಕಟ್ಟಿನ ಸುತ್ತ ಕಂದು ಬಣ್ಣದ ಗೀರು ಬಿದ್ದಿತ್ತು, ಎಣ್ಣೆ ಹಚ್ಚಿ ತಿಕ್ಕಿದೆ, ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ, ಸದ್ದಿಲ್ಲದೆ ಅತ್ತೆ ಹೋದಳು. ಅದೇ ದಿನ ಹಳ್ಳಿಯಲ್ಲಿ ಪುರುಡು ಕಳೆದು ಮಗುವಿಗೆ ನೀರು ಹಾಕಬೇಕಿತ್ತು. ಅದರ ಬದಲು ಸಾವಿನ ಸೂತಕ ಶುರುವಾಯಿತು.

ತಿಥಿ ಮುಗಿದು ಮನೆ ಶುದ್ಧವಾದ ದಿನ ಬಾವ ಪೆಟ್ಟಿಗೆ ತೆಗೆದರು. ನೆಂಟರೆಲ್ಲ ಇದ್ದರು. ಆ ಕಾಗದ ನನಗೆ ಬೇಕಿತ್ತು, ಅತ್ತೆಯ ಸೈ ಅಂತ ಉಳಿದಿದ್ದರಲ್ಲಿ ಅದೊಂದು. ಮುಚ್ಚಳ ತೆಗೆದ ಕೂಡಲೇ ಕಂಡಿತು. ತಳದಲ್ಲಿ, ಕಂಬಳಿಯ ಮಡಿಕೆಯೊಳಗೆ ಇಟ್ಟಿದ್ದ ಕವರು ಎಲ್ಲಕ್ಕಿಂತ ಮೇಲೆ ಇತ್ತು. ಕೆಂಪು ರಬ್ಬರ್ ಬ್ಯಾಂಡ್ ಇರಲಿಲ್ಲ. ಕಾಗದದ ಅಂಚಿಗೆ ಭಂಡಾರ ಮೆತ್ತಿದ ಹೆಬ್ಬೆರಳಿನ ಗುರುತು.

"ಬಾವ, ಇದನ್ನ ಯಾವಾಗ ತೆಗೆದ್ರಿ?"

ಅವರು ಭಂಡಾರದ ಚೀಲ ಸರಿ ಮಾಡುತ್ತಾ ಕೂತರು. ಬಾವನ ಹೆಂಡತಿ ಏನೂ ಅರಿಯದೆ, "ರೇಷನ್ ಕಾರ್ಡು ಇದ್ರಾಗೇ ಇತ್ತಲ್ಲಮ್ಮ. ಗಂಜಲ ಚಿಮುಕಿಸಿ, ತಪ್ಪಾಯ್ತು ಅಂತ ಕಾಯಿ ಒಡೆದು ತೆಗೆದ್ರು" ಅಂದರು.

ಕಾರ್ಡಿಗಾದರೆ ಸೂತಕಕ್ಕೆ ಪರಿಹಾರವಿತ್ತು. ಅವ್ವನ ಮಾತಿಗೆ ಮಾತ್ರ ಇರಲಿಲ್ಲ. ಮೂರನೇ ದಿನವೇ ಅವರು ಅದನ್ನು ಬಿಚ್ಚಿ ಓದಿದ್ದರು, ಸೈ ನೋಡಿದ್ದರು, ಮತ್ತೆ ಒಳಗಿಟ್ಟು ಬೀಗ ಹಾಕಿ ಕಾರ್ಡು ಮಾತ್ರ ಜೇಬಿಗೆ ಹಾಕಿಕೊಂಡು ದುರ್ಗಕ್ಕೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ನಾನು ಆ ಅಂಗಳದಲ್ಲಿ ನೆಂಟರ ಮುಂದೆ ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನಿಮಗೆ ದೇವರ ಭಯವೂ ಇಲ್ಲ, ಅವ್ವನ ಮೇಲೆ ಪ್ರೀತಿಯೂ ಇಲ್ಲ, ಊರಿನ ಬಾಯಿಗೆ ಹೆದರಿ ಹೆತ್ತವಳ ಕೈ ಕಟ್ಟಿಸಿದಿರಿ ಅಂದದ್ದು ನೆನಪಿದೆ. ಯಾರೋ ನನ್ನನ್ನು ಹಿಡಿದು ಹೊರಗೆ ಕರೆದುಕೊಂಡು ಹೋದರು. ಕಾಗದ ಮಾತ್ರ ನಾನು ಬಿಡಲಿಲ್ಲ.

ಅಂಥ ಬಾವ ಮೊನ್ನೆ ನಮ್ಮ ಮನೆಯ ಕುರ್ಚಿಯಲ್ಲಿ ಕೂತಿದ್ದರು. ಚಹಾ ಕೊಡಲು ಹೋದಾಗ ನೋಡಿದೆ, ಸೊರಗಿದ್ದಾರೆ. ಮೂರು ಮಾತಿಗೊಮ್ಮೆ ಕೆಮ್ಮು. ಅತ್ತೆಯದೇ ಕೆಮ್ಮು. ಎದೆಯ ಎಕ್ಸರೇ ಇದ್ದ ದೊಡ್ಡ ಕವರೊಂದು ಕಾಲ ಬಳಿ ಇತ್ತು.

"ಡಾಕ್ಟ್ರು ಅವ್ವಂಗೆ ಹೇಳಿದ್ದೇ ನಂಗೂ ಹೇಳಿದ್ರು, ಮೇಷ್ಟ್ರಮ್ಮ" ಅಂದರು. "ನಂಗೂ ಒಂದು ಬರ್ದುಕೊಡು. ಅವ್ವನ ಕಾಗದ."

ಲೋಟವನ್ನು ಸ್ಟೂಲಿನ ಮೇಲೆ ಕುಕ್ಕಿದೆ. ತನಗೆ ಬಂದಾಗ ಬೇಕಾಯಿತೇ? ಹನ್ನೊಂದು ದಿನ ಹೆತ್ತವಳಿಗೆ ಇಲ್ಲವೆಂದದ್ದು, ಈಗ ನನ್ನ ಕೈಯಿಂದಲೇ ಬೇಕೇ? ಹೊರಟುಹೋಗಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಂಡ ಈ ಸಲವೂ ಕಿಟಕಿಯ ಕಡೆ ನೋಡಲು ಶುರುಮಾಡಿದ್ದರು.

"ಓದಿದ್ರಲ್ಲ ಅವತ್ತು?" ಅಂದೆ.

"ಓದ್ದೆ. ಮೂರು ಸಲ ಓದ್ದೆ. ಅವ್ವನ ಸೈ ಅಂತ ಗೊತ್ತಾತು. ಕೊಟ್ರೆ, ಮಗನೇ ಸಾಯಿಸ್ದ ಅಂತಾರಲ್ಲ ಅಂತ..." ಅವರ ಮಾತು ಕೆಮ್ಮಿನಲ್ಲಿ ಮುಗಿಯಿತು. ಕ್ಷಮಿಸು ಅನ್ನಲಿಲ್ಲ. ಅಂದಿದ್ದರೂ ನಾನು ಕ್ಷಮಿಸುತ್ತಿರಲಿಲ್ಲ.

ಒಳಗೆ ಹೋಗಿ ಬಿಳಿ ಹಾಳೆ, ಪೆನ್ನು ತಂದು ಎದುರಿಗೆ ಕೂತೆ. ಅವರ ಹೆಸರು, ವಯಸ್ಸು ಬರೆದೆ. ಏನು ಬೇಕು, ಏನು ಬೇಡ ಅಂತ ಕೇಳಿದೆ, ಹೇಳಿದರು. ಕೊನೆಯಲ್ಲಿ ತಾವಾಗಿಯೇ, "ಕೈ ಕಟ್ಟಬಾರದು ಅಂತನೂ ಬರಿ" ಅಂದರು. ಪೆನ್ನು ಹಾಳೆ ಹರಿಯುವಷ್ಟು ಒತ್ತಿ ಬರೆದೆ.

"ಇದನ್ನ ಪೆಟ್ಟಿಗೇಲಿ ಇಡಂಗಿಲ್ಲ. ಐದು ಜೆರಾಕ್ಸ್ ಮಾಡಿಸ್ತೀನಿ. ಡಾಕ್ಟ್ರಿಗೆ ಒಂದು, ಪಂಚಾಯ್ತಿಗೆ ಒಂದು, ತಗಳ್ಳೋವರೆಗೂ ಅಲ್ಲೇ ಕೂರ್ತೀನಿ. ನಿಮ್ಮ ಮಕ್ಕಳು ಮರೀನೆಲ್ಲ ಅಂಗಳದಾಗೆ ಕೂರಿಸಿ ನೀವೇ ಓದಿ ಹೇಳ್ಬೇಕು."

"ಆತು."

"ನಿಮ್ಮ ಪರವಾಗಿ ಮಾತಾಡೋರು ಯಾರು? ಸಿದ್ದೇಶನ ಹೆಸರು ಬರೀಲಾ?"

ಬಾವ ಕಾಲ ಬಳಿಯ ಎಕ್ಸರೇ ಕವರು ಎತ್ತಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅಂದರು.

"ಬ್ಯಾಡಮ್ಮ. ಅವನು ನನ್ನ ಮಗ. ನನ್ನಂಗೇ ಮಾಡ್ತಾನೆ."